ಸಿರ್ಟೊಸ್ಪಿರಿಫರ್: ಹಾರದ ಕಲ್ಲುಹಕ್ಕಿ

ಸಿರ್ಟೊಸ್ಪಿರಿಫರ್ ಎಂಬುದು ಬ್ರಾಕಿಯೊಪಾಡ್ ಎಂಬ ಚಿಪ್ಪುಜೀವಿಗಳ ಅಳಿದುಹೋದ ಒಂದು ಕುಲ. ಡೆವೋನಿಯನ್ ಯುಗದ ಕೊನೆಯ ಭಾಗದಲ್ಲಿ, ಸುಮಾರು 38ರಿಂದ 36 ಕೋಟಿ ವರ್ಷಗಳ ಹಿಂದೆ, ಆಳವಿಲ್ಲದ ಕಡಲುಗಳ ತಳದಲ್ಲಿ ಇವು ಹೇರಳವಾಗಿದ್ದವು. ಆಗ ಸಂಭವಿಸಿದ ಭಾರಿ ಅಳಿವಿನಲ್ಲಿ ಹಲವು ಬ್ರಾಕಿಯೊಪಾಡ್ ಗುಂಪುಗಳು ನಾಮಾವಶೇಷವಾದರೂ ಈ ಕುಲ ಪಾರಾಯಿತು.

ಕಪ್ಪೆಚಿಪ್ಪಲ್ಲ

ನೋಡಿದೊಡನೆ ಕಪ್ಪೆಚಿಪ್ಪು ಎನ್ನಿಸುತ್ತದೆ. ಆದರೆ ಕಪ್ಪೆಚಿಪ್ಪಿನ ಎರಡು ಹೋಳುಗಳು ಎಡ-ಬಲ. ಇದರವು ಮೇಲೆ-ಕೆಳಗೆ, ಅವು ಒಂದೇ ಅಳತೆಯವೂ ಅಲ್ಲ. ಹೋಳಿನ ನಡುವೆ ಗೆರೆ ಎಳೆದರೆ ಮಾತ್ರ ಎರಡು ಸಮಪಾಲು ಸಿಗುತ್ತವೆ. ಕೀಲಿನ ಅಂಚು ನೇರವಾಗಿ ಉದ್ದಕ್ಕೆ ಚಾಚಿರುವುದರಿಂದ ಚಿಪ್ಪು ರೆಕ್ಕೆ ಬಿಚ್ಚಿದಂತೆ ಕಾಣುತ್ತದೆ. ಒಂದು ಹೋಳಿನ ನಡುವೆ ತಗ್ಗು, ಇನ್ನೊಂದರಲ್ಲಿ ಅದಕ್ಕೆ ಸರಿಹೊಂದುವ ದಿಬ್ಬ. ಇಡೀ ಮೈಮೇಲೆ ಸಣ್ಣ ಏಣುಗಳು.

ಒಳಗೆ ಸುಣ್ಣದಂಶದ ತೆಳುಪಟ್ಟಿ ಎರಡೂ ಬದಿಗೆ ಸುರುಳಿ ಸುತ್ತಿರುತ್ತದೆ. ನೀರಿನಿಂದ ಆಹಾರದ ಕಣಗಳನ್ನು ಸೋಸುವ ಅಂಗಕ್ಕೆ ಇದೇ ಆಸರೆ. ಸ್ಪಿರಿಫರ್ ಎಂದರೆ ಸುರುಳಿ ಹೊತ್ತದ್ದು.

ಡೆಲಬೋಲ್‌ನ ಚಿಟ್ಟೆ

ಇಂಗ್ಲೆಂಡಿನ ಕಾರ್ನ್‌ವಾಲ್‌ನ ಡೆಲಬೋಲ್‌ನಲ್ಲಿ ಸ್ಲೇಟು ಕಲ್ಲಿನ ಗಣಿ ಇದೆ. ಅಲ್ಲಿ ಸಿಗುವ ಸಿರ್ಟೊಸ್ಪಿರಿಫರ್ ವೆರ್ನ್ಯೂಲಿ ಪ್ರಭೇದಕ್ಕೆ ಊರಿನವರಿಟ್ಟ ಹೆಸರು ‘ಡೆಲಬೋಲ್ ಚಿಟ್ಟೆ’. ಭೂವಿಜ್ಞಾನಿ ಮರ್ಚಿಸನ್ 1840ರಲ್ಲಿ ಈ ಪ್ರಭೇದಕ್ಕೆ ಫ್ರೆಂಚ್ ವಿದ್ವಾಂಸ ವೆರ್ನ್ಯೂಲ್ ಅವರ ಹೆಸರಿಟ್ಟರು. ಕೆಸರು ಒತ್ತಡಕ್ಕೆ ಸಿಕ್ಕಿ ಸ್ಲೇಟಾಗುವಾಗ ಚಿಪ್ಪುಗಳೂ ಎಳೆದಾಡಿ ಸೊಟ್ಟಗಾದವು. ಭೂವಿಜ್ಞಾನಿಗಳಿಗೆ ಈ ಸೊಟ್ಟೇ ಬೇಕು: ಮೂಲ ಆಕಾರ ಗೊತ್ತಿರುವುದರಿಂದ ಬಂಡೆ ಎಷ್ಟು, ಯಾವ ದಿಕ್ಕಿಗೆ ಹಿಗ್ಗಿತೆಂದು ಅದರಿಂದ ಲೆಕ್ಕ ಹಾಕಬಹುದು.

ಚೀನಾದ ಕಲ್ಲು ಅಂಬರಕೀಚುಗ

ಚೀನಾದವರಿಗೆ ಇದೇ ಬಗೆಯ ಚಿಪ್ಪುಗಳಲ್ಲಿ ಕಂಡದ್ದು ಅಂಬರಕೀಚುಗ ಹಕ್ಕಿ. ‘ಶಿಯಾನ್’ ಎಂದರೆ ಕಲ್ಲಿನ ಅಂಬರಕೀಚುಗ. ಹುನಾನ್ ಪ್ರಾಂತ್ಯದ ಲಿಂಗ್‌ಲಿಂಗ್ ಸೀಮೆ ಇವಕ್ಕೆ ಹೆಸರುವಾಸಿ. ಪುಡಿ ಮಾಡಿ ಔಷಧಿಗೂ ಬಳಸುತ್ತಿದ್ದರು. ಗಾಳಿಮಳೆ ಬಂದಾಗ ಈ ಕಲ್ಲುಗಳು ಹಾರಾಡುತ್ತವೆ ಎಂಬ ನಂಬಿಕೆ ಶತಮಾನಗಳ ಕಾಲ ಗ್ರಂಥದಿಂದ ಗ್ರಂಥಕ್ಕೆ ಸಾಗಿಬಂತು.

12ನೇ ಶತಮಾನದಲ್ಲಿ ಕಲ್ಲುಗಳ ಬಗ್ಗೆಯೇ ಪುಸ್ತಕ ಬರೆದ ಡು ವಾನ್‌ಗೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ಆತ ಬಂಡೆ ಹತ್ತಿ, ಹಕ್ಕಿಯಾಕಾರದ ಕಲ್ಲುಗಳಿಗೆ ಕುಂಚದಿಂದ ಗುರುತು ಹಾಕಿ ಕಾದ. ಬಿಸಿಲಿಗೆ ಬಂಡೆ ಕಾದಿತ್ತು. ಅದರ ಮೇಲೆ ದಿಢೀರನೆ ಮಳೆ ಸುರಿದಾಗ ಗುರುತಿನ ಕಲ್ಲುಗಳು ಒಂದೊಂದಾಗಿ ಕಳಚಿ ನೆಲಕ್ಕೆ ಬಿದ್ದವು. ಕಾವು-ತಂಪಿನ ಹೊಡೆತಕ್ಕೆ ಉದುರುತ್ತವೆ, ಹಾರುವುದಿಲ್ಲ ಎಂದು ಆತ ಬರೆದಿಟ್ಟ.