ಟು-ಲೆಟ್ ಬೋರ್ಡಿನ ಹಿಂದಿರುವ ನಕ್ಷೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಲು ಹೊರಟವರ ಮನಸ್ಸಿನಲ್ಲಿ ಎರಡು ಮೂರು ವಾರಗಳಲ್ಲೇ ಊರಿನ ಒಂದು ನಕ್ಷೆ ಮೂಡಿಬಿಡುತ್ತದೆ. ಬಸವನಗುಡಿಯಲ್ಲಿ ನೆರಳಿದೆ, ನೆಮ್ಮದಿಯಿದೆ, ಆದರೆ ಓನರು ಊಟದ ವಿಚಾರ ಕೇಳದೆ ಬೀಗ ತೆಗೆಯುವುದು ಕಡಿಮೆ. ಫ್ರೇಜರ್ ಟೌನಿನಲ್ಲಿ ಆ ಮಾತು ಅಷ್ಟಾಗಿ ಏಳುವುದಿಲ್ಲ. ಜಯನಗರದಲ್ಲಿ ಅಂಗಡಿ, ಉದ್ಯಾನ, ಬಸ್ಸು ಎಲ್ಲ ಕಾಲಳತೆಯಲ್ಲಿವೆ. ತಾವರೆಕೆರೆಯ ಗಲ್ಲಿಗಳಲ್ಲಿ ಗಾಳಿ ಬೆಳಕು ಸಾಲದು, ಮನೆ ಮಾತ್ರ ಬೇಗ ಸಿಗುತ್ತದೆ. ಇದನ್ನೆಲ್ಲ ಏರಿಯಾದ ಗುಣ ಎನ್ನುವುದು ರೂಢಿ, ಕೆಮ್ಮಣ್ಣಿಗೂ ಎರೆಮಣ್ಣಿಗೂ ಬೇರೆ ಬೇರೆ ಗುಣ ಇರುವ ಹಾಗೆ. ಆದರೆ ಬೆಂಗಳೂರಿನ ಬಡಾವಣೆಗಳಿಗೆ ಗುಣ ನೆಲದಿಂದ ಬಂದದ್ದಲ್ಲ. ಯಾರಿಗೆ ಎಲ್ಲಿ ಎಷ್ಟು ಅಗಲದ ಜಾಗ ಎಂದು ಬೇರೆ ಬೇರೆ ಕಾಲದ ಆಡಳಿತಗಳು ಮಾಡಿದ ತೀರ್ಮಾನಗಳು ಗೋಡೆ, ಗಲ್ಲಿ, ಮರಗಳಾಗಿ ಉಳಿದಿವೆ. ಮನೆ ಹುಡುಕುವವರು ಓದುತ್ತಿರುವುದು ಆ ತೀರ್ಮಾನಗಳನ್ನೇ ಎಂಬುದು ನನ್ನ ವಾದ.

ಹಳೆಯ ಪೇಟೆಯಲ್ಲಿ ಮನೆಗೂ ಕಸುಬಿಗೂ ನಡುವೆ ಗೋಡೆಯೇ ಇರಲಿಲ್ಲ. ಅರಳೆಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ ಎಂಬ ಹೆಸರುಗಳೇ ಅಲ್ಲಿ ಏನು ಮಾರುತ್ತಿದ್ದರು, ಯಾರು ಬಾಳುತ್ತಿದ್ದರು ಎಂದು ಹೇಳುತ್ತವೆ. ಮುಂದೆ ಅಂಗಡಿ, ಹಿಂದೆ ಅಥವಾ ಮೇಲೆ ಮನೆ. 1809ರಿಂದ ಇದರ ಪೂರ್ವಕ್ಕೆ ಇನ್ನೊಂದು ಊರು ಹುಟ್ಟಿಕೊಂಡಿತು. ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೇನೆ ಹಲಸೂರಿನ ಕಡೆಗೆ ಬಂದಿತು. ಅದರ ಬೆನ್ನಿಗೆ ತಮಿಳು, ಉರ್ದು, ತೆಲುಗು ಮಾತಾಡುವ ವರ್ತಕರು, ಅಡುಗೆಯವರು, ಕೂಲಿಯವರು, ಗುತ್ತಿಗೆದಾರರು ಬಂದರು. 1862ರಲ್ಲಿ ಪೇಟೆಯಿದ್ದ ಸಿಟಿಗೊಂದು, ಸೇನೆಯಿದ್ದ ದಂಡಿಗೊಂದು, ಅಂದರೆ ಕಂಟೋನ್ಮೆಂಟಿಗೊಂದು, ಪುರಸಭೆಯಾಯಿತು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದರೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ನಡುವೆ ಕಬ್ಬನ್ ಪಾರ್ಕು, ಆಚೆಗೊಂದು ಆಡಳಿತ, ಈಚೆಗೊಂದು ಆಡಳಿತ. ಎರಡೂ ಒಂದೇ ನಗರಪಾಲಿಕೆಯ ಕೆಳಗೆ ಬಂದದ್ದು 1949ರಲ್ಲಿ. ಇಂದಿಗೂ ಮನೆ ಹುಡುಕುವವರು 'ಕಂಟೋನ್ಮೆಂಟ್ ಕಡೆ', 'ಸಿಟಿ ಕಡೆ' ಎಂದು ಊರನ್ನು ಎರಡಾಗಿ ಒಡೆದು ಮಾತಾಡುವುದು ಸುಮ್ಮನೆ ಬಂದ ಅಭ್ಯಾಸವಲ್ಲ. ಆ ಗೆರೆಯನ್ನು ಎಳೆದವರಿದ್ದರು.

ಈಗಿನ ಬಡಾವಣೆಯ ಕಲ್ಪನೆಗೆ ರೂಪ ಬಂದದ್ದು 1890ರ ದಶಕದಲ್ಲಿ. 1892ರಲ್ಲಿ ಚಾಮರಾಜಪೇಟೆ, ಅದರ ಬೆನ್ನಿಗೆ ಬಸವನಗುಡಿ ಮತ್ತು ಮಲ್ಲೇಶ್ವರದ ಯೋಜನೆಗಳು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಾಗ ಈ ಯೋಜನೆಗಳಿಗೆ ತುರ್ತು ಬಂದಿತು. ಪೇಟೆಯ ಕತ್ತಲು ಕೋಣೆ, ಇಲಿ, ಚರಂಡಿಗಳೇ ಸಾವಿನ ತವರು ಎಂದು ತಿಳಿದ ಅಧಿಕಾರಿಗಳು ನೇರ ರಸ್ತೆ, ಮನೆಯ ಸುತ್ತ ತೆರಪು, ಉದ್ಯಾನ ಮತ್ತು ಎರಡು ಸಾಲು ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಬ್ರಿಟಿಷರ ಕಡೆಯಲ್ಲಿ 1910ರಲ್ಲಿ ತೆರೆದ ಫ್ರೇಜರ್ ಟೌನಿನ ಹಿಂದೆಯೂ ಇದ್ದದ್ದು ಪ್ಲೇಗಿನ ಭಯವೇ. ಇಷ್ಟರ ಮಟ್ಟಿಗೆ ಇದು ಆರೋಗ್ಯದ ಕಥೆ, ಒಳ್ಳೆಯ ಕಥೆ. ಆದರೆ ಬಸವನಗುಡಿ, ಮಲ್ಲೇಶ್ವರಗಳ ಭಾಗಗಳನ್ನು ಹಂಚಿದ್ದು ಜಾತಿ ಸಮುದಾಯಗಳ ಲೆಕ್ಕದಲ್ಲಿ: ಇದು ಬ್ರಾಹ್ಮಣರಿಗೆ, ಅದು ಲಿಂಗಾಯತರಿಗೆ, ಇನ್ನೊಂದು ಇತರರಿಗೆ. ಇನ್ನು ಆ ಕನ್ಸರ್ವೆನ್ಸಿ ಗಲ್ಲಿಯನ್ನು ನೋಡಿ. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವವರು ಮುಂಬಾಗಿಲಿನ ಬೀದಿಯಲ್ಲಿ ಕಾಣದ ಹಾಗೆ ಬಂದು ಹೋಗಲು ಮಾಡಿದ ದಾರಿ ಅದು. ಅವರ ದಾರಿಗೆ ನಕ್ಷೆಯಲ್ಲಿ ಅಳತೆ ಇತ್ತು, ಮನೆಗೆ ಇರಲಿಲ್ಲ. ಗಾಳಿ ಬೆಳಕನ್ನು ಅಷ್ಟು ಜತನದಿಂದ ಲೆಕ್ಕ ಹಾಕಿದ ಕೈಗಳೇ ಇದನ್ನೂ ಬರೆದವು ಎಂಬುದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಇದಕ್ಕೊಂದು ಆಕ್ಷೇಪ ಸಹಜ. ಪೇಟೆಯಲ್ಲೂ ಜನ ಕುಲ ಕಸುಬುಗಳ ಕೇರಿ ಮಾಡಿಕೊಂಡೇ ಇದ್ದರಲ್ಲ, ತಮ್ಮವರ ಹತ್ತಿರ, ತಮ್ಮ ಗುಡಿ ಮಸೀದಿಯ ಹತ್ತಿರ ಇರಬೇಕೆಂಬ ಬಯಕೆಗೆ ಸರ್ಕಾರವನ್ನೇಕೆ ದೂರಬೇಕು? ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಪೇಟೆಯ ಕೇರಿಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಗಾಣಿಗರಿಗೆ ಕುಂಬಾರರು ಬೇಕು, ಇಬ್ಬರಿಗೂ ಸಂತೆ ಬೇಕು. ಕಸುಬು ಅವರನ್ನು ಬೇರೆ ಮಾಡಿದಷ್ಟೇ ಕೂಡಿಸಿಯೂ ಇತ್ತು. ಹೊಸ ಬಡಾವಣೆ ಕಸುಬನ್ನು ಹೊರಗಿಟ್ಟು ವಾಸವನ್ನಷ್ಟೇ ಉಳಿಸಿಕೊಂಡಿತು. ಮಾಡುವ ಕೆಲಸದ ಕಾರಣಕ್ಕಾದರೂ ಅಕ್ಕಪಕ್ಕ ಇರಬೇಕಾದ ಒತ್ತಾಯ ಹೋಗಿ, ಯಾರು ಪಕ್ಕದಲ್ಲಿರಬಾರದು ಎಂಬುದೇ ವಾಸದ ನಿಯಮವಾಯಿತು. ಅದಕ್ಕೆ ಸರ್ಕಾರದ ಮೊಹರೂ ಬಿತ್ತು.

ಸ್ವಾತಂತ್ರ್ಯದ ನಂತರ ಜಾತಿವಾರು ಬ್ಲಾಕುಗಳ ಮಾತು ನಿಂತಿತು. 1941ರಲ್ಲಿ ಸುಮಾರು 4 ಲಕ್ಷವಿದ್ದ ಊರಿನ ಜನಸಂಖ್ಯೆ 1951ರ ಹೊತ್ತಿಗೆ 7.8 ಲಕ್ಷ ಸಮೀಪಿಸಿತ್ತು. 1945ರಲ್ಲಿ ಹುಟ್ಟಿದ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಜಯನಗರ, ರಾಜಾಜಿನಗರಗಳನ್ನು ರೂಪಿಸಿತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂದು ಅದರ ಜಾಗದಲ್ಲಿ ಕೂತಿತು. ಇತ್ತ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ತಮ್ಮದೇ ಕಾಲೊನಿ ಕಟ್ಟಿದವು. ದೂರವಾಣಿನಗರದಂಥ ಕಡೆ ಪಕ್ಕದ ಮನೆಯವರು ಯಾರೆಂದು ತೀರ್ಮಾನಿಸಿದ್ದು ಜಾತಿಗಿಂತ ಹೆಚ್ಚಾಗಿ ನೌಕರಿ. ಇದು ದೊಡ್ಡ ಬದಲಾವಣೆ, ಅದನ್ನು ಮನಸಾರೆ ಒಪ್ಪಬೇಕು. ಸೈಟು ಹಂಚಿಕೆಯಲ್ಲಿ ಪರಿಶಿಷ್ಟರಿಗೆ ಮೀಸಲೂ ಬಂತು. ಆದರೂ ಕಂತು ಕಟ್ಟಿ, ಅರ್ಜಿಯ ಮೇಲೆ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು ಮೂವತ್ತು-ನಲವತ್ತರ ಸೈಟು ಪಡೆಯಲು ತಿಂಗಳ ಸಂಬಳದ ಆಸರೆ ಬೇಕಿತ್ತು. ಗಾರೆಯವರು, ಮನೆಗೆಲಸದವರು ಆ ಸಾಲಿನಲ್ಲಿ ನಿಲ್ಲುವುದು ಎಲ್ಲಿಂದ ಬಂತು?

ಇನ್ನೂ ಬಲವಾದ ಆಕ್ಷೇಪ ಇಂದಿನದು. ಐಟಿ ಬಂದ ಮೇಲೆ ಎಲ್ಲವನ್ನೂ ನಿರ್ಧರಿಸುವುದು ದುಡ್ಡು, ಬಾಡಿಗೆ ಕೊಡಬಲ್ಲವರಿಗೆ ಯಾವ ಏರಿಯಾ ಆದರೇನು ಎನ್ನುತ್ತಾರೆ. ಆದರೆ ದುಡ್ಡು ಹಿಡಿದು ನಿಂತವರಿಗೂ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡು ಎದುರಾಗುತ್ತದೆ. ಹೆಸರು ಕೇಳಿದ ಮೇಲೆ ಮನೆ ಇದ್ದಕ್ಕಿದ್ದಂತೆ ಬೇರೆಯವರಿಗೆ ನಿಗದಿಯಾಗಿಬಿಡುತ್ತದೆ. ಈಗ ನಕ್ಷೆಯಲ್ಲಿ ಯಾರೂ ಜಾತಿ ಬರೆಯಬೇಕಾಗಿಲ್ಲ. ಮೊದಲ ಹಂಚಿಕೆಯಲ್ಲಿ ಸೈಟು ಪಡೆದವರ ಮಕ್ಕಳು, ಮೊಮ್ಮಕ್ಕಳು ಇಂದಿನ ಓನರುಗಳು. ಅಜ್ಜನಿಗೆ ಬಡಾವಣೆಯ ಕಾಗದದಲ್ಲಿ ಸಿಕ್ಕ ಆಯ್ಕೆಯನ್ನು ಮೊಮ್ಮಗ ಬಾಡಿಗೆಯ ಕರಾರಿನಲ್ಲಿ ಮಾಡುತ್ತಾನೆ. ಇನ್ನು ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ಬೆಂಗಳೂರಿನ ಹಳೆಯ ರೂಢಿ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಸೂಚಿಸಿದೆ. ತಿಂಗಳ ಬಾಡಿಗೆ ತೆರಬಲ್ಲ, ಆದರೆ ಹತ್ತು ತಿಂಗಳದ್ದನ್ನು ಒಟ್ಟಿಗೆ ತರಲಾಗದ ಕುಟುಂಬಕ್ಕೆ ಇಡೀ ಬಡಾವಣೆಯೇ ಮುಚ್ಚಿದ ಬಾಗಿಲು. ಆದ್ದರಿಂದ ದುಡ್ಡು ಹಳೆಯ ಗೆರೆಯನ್ನು ಅಳಿಸಿತು ಎನ್ನಲಾರೆ. ಅದರ ಮೇಲೆಯೇ ಇನ್ನೊಮ್ಮೆ ಎಳೆಯಿತು.

ಹಾಗಾದರೆ ನಕ್ಷೆಯ ಹೊರಗೆ ಉಳಿದವರು ಎಲ್ಲಿ ಹೋದರು? ಒಂದು ಕಾಲಕ್ಕೆ ವಠಾರಗಳಿಗೆ. ಒಂದೇ ಅಂಗಳ, ಒಂದೇ ನಲ್ಲಿ, ಸಾಲು ಕೋಣೆಗಳು. ಈಗ ಹೆಚ್ಚಾಗಿ ಹಳ್ಳಿಗಳಿಗೆ, ಅಂದರೆ ನಗರ ನುಂಗಿಯೂ ಅರಗಿಸಿಕೊಳ್ಳದ ಹಳ್ಳಿಗಳಿಗೆ. ಬಿಟಿಎಂ ಬಡಾವಣೆಯ ಮೂರು ಅಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಅಡಗಿವೆ. ಬಡಾವಣೆ ಮಾಡುವಾಗ ಹೊಲ, ತೋಟಗಳು ಸರ್ಕಾರದ ಪಾಲಾದವು. ಹಳ್ಳಿಗರು ವಾಸವಿದ್ದ ಗ್ರಾಮಠಾಣವನ್ನು ಸಾಮಾನ್ಯವಾಗಿ ಹಾಗೇ ಬಿಟ್ಟರು. ಬೇಸಾಯ ಹೋದ ಮನೆಯವರಿಗೆ ಉಳಿದ ಫಸಲು ಬಾಡಿಗೆ. ಇದ್ದ ಜಾಗದಲ್ಲೇ ಮನೆಯ ಮೇಲೆ ಮನೆ ಏರಿತು, ಗಲ್ಲಿ ಸಣ್ಣದಾಗುತ್ತ ಹೋಯಿತು. ಈಜಿಪುರ, ತಾವರೆಕೆರೆ, ಹಳೆಯ ಮಡಿವಾಳಗಳಲ್ಲಿ ಗಾರೆ ಕೆಲಸದವರು, ಹೋಟೆಲಿನವರು, ಸೆಕ್ಯುರಿಟಿಯವರು, ಊರಿಂದ ಹೊಸದಾಗಿ ಬಂದ ಹುಡುಗ ಹುಡುಗಿಯರು ಒಂದೇ ಮೆಟ್ಟಿಲು ಹತ್ತಿಳಿಯುತ್ತಾರೆ. ಕೆಳಗೆ ಅಂಗಡಿ, ಮೇಲೆ ಮನೆ. ನಕ್ಷೆ ಬರೆದು ಬಿಟ್ಟುಬಂದ ಪೇಟೆ, ಯಾರೂ ನಕ್ಷೆ ಬರೆಯದ ಈ ಗಲ್ಲಿಗಳಲ್ಲಿ ಮತ್ತೆ ತಲೆ ಎತ್ತಿದೆ. 1898ರ ಅಧಿಕಾರಿಗಳನ್ನು ಕಾಡಿದ ಕತ್ತಲು ಕೋಣೆಗಳೂ ಅದರ ಜೊತೆಗೇ ಮರಳಿವೆ.