ಬಳ್ಳಾರಿ ಸೀಮೆಯ ಪಶ್ಚಿಮ ತಾಲ್ಲೂಕುಗಳಲ್ಲಿ ಮನೆಯ ವಿದ್ಯುತ್ ಬಿಲ್ಲು

ದತ್ತಮಂಡಲದ ಕಂದಾಯ ವ್ಯವಸ್ಥೆಯನ್ನು ಕುರಿತು ಬರೆದವರು ಬಹು ಮಂದಿ. ಆದರೆ ತಿಂಗಳಿಗೊಮ್ಮೆ ಮನೆಬಾಗಿಲಿಗೆ ಬರುವ ವಿದ್ಯುತ್ ಬಿಲ್ಲನ್ನು ಚರಿತ್ರೆಯ ಆಕರವೆಂದು ಎಣಿಸಿದವರು ವಿರಳ. 1800ರಿಂದ 1807ರವರೆಗೆ ಈ ಸೀಮೆಯನ್ನಾಳಿದ ಥಾಮಸ್ ಮನ್ರೋ ಬೆಳೆಸಿದ ರೈತವಾರಿ ಪದ್ಧತಿಯ ತಿರುಳು, ಸರ್ಕಾರವು ಪ್ರತಿಯೊಬ್ಬ ರೈತನೊಡನೆ ಪ್ರತ್ಯೇಕವಾಗಿ ಲೆಕ್ಕವಿಡುವುದು. ಆ ಲೆಕ್ಕದಲ್ಲಿ ತನ್ನ ಹೊಣೆಯೆಷ್ಟೆಂಬುದನ್ನು ಓದಿ ತಿಳಿಯಲಾರದ ರೈತನು ಶಾನುಭೋಗನ ಮಾತನ್ನೇ ನಂಬಬೇಕಾಗಿತ್ತು. ವಿದ್ಯುತ್ ಬಿಲ್ಲೂ ಮನೆಯೊಂದರೊಡನೆ ಇಟ್ಟ ಅಂತಹುದೇ ಲೆಕ್ಕ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಈ ಲೆಕ್ಕದ ಮಾನವು ಹೇಗೆ ಬದಲಾಗುತ್ತ ಬಂದಿತೆಂಬುದೂ, ಆ ಬದಲಾವಣೆಯು ಗೃಹಸ್ಥನಿಗೆ ಎಷ್ಟರಮಟ್ಟಿಗೆ ತಿಳಿಯಿತೆಂಬುದೂ ಪ್ರಸ್ತುತ ಲೇಖನದ ವಿಷಯ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯವಾದಾಗ ಬಳ್ಳಾರಿ ಜಿಲ್ಲೆಯ ಬಹುಭಾಗವು ಮದರಾಸಿನಿಂದ ಮೈಸೂರಿಗೆ ಸೇರಿತು. ಕೊಟ್ಟೂರಾಗಲಿ ಹಗರಿಬೊಮ್ಮನಹಳ್ಳಿಯಾಗಲಿ ಆಗ ಪ್ರತ್ಯೇಕ ತಾಲ್ಲೂಕುಗಳಾಗಿರಲಿಲ್ಲ. ತುಂಗಭದ್ರಾ ಜಲಾಶಯವು ಪೂರ್ಣಗೊಂಡುದೂ ಅದೇ ವರ್ಷ. ಅದರ ಹಿನ್ನೀರು ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ನೆಲವನ್ನು ಮುಳುಗಿಸಿತು. ಆದರೆ ಬಲದಂಡೆಯಲ್ಲಿಯೂ ಹಂಪಿಯಲ್ಲಿಯೂ ಕಟ್ಟಿದ ವಿದ್ಯುದಾಗಾರಗಳ ಉತ್ಪನ್ನದಲ್ಲಿ ಐದರಲ್ಲಿ ನಾಲ್ಕು ಪಾಲು ಆಂಧ್ರಕ್ಕೂ ಒಂದು ಪಾಲು ಮಾತ್ರ ಮೈಸೂರಿಗೂ ಸಲ್ಲುವಂತಾಯಿತು. ಆದಕಾರಣ ಅಣೆಕಟ್ಟಿನ ಸಮೀಪದಲ್ಲಿದ್ದರೆಂಬ ಕಾರಣದಿಂದ ಇಲ್ಲಿಯ ಜನರಿಗೆ ಬೆಳಕು ಬೇಗನೆ ದೊರೆತಿತೆಂದು ಊಹಿಸುವುದು ಸರಿಯಲ್ಲ.

1957ನೆಯ ವರ್ಷವು ಈ ಚರಿತ್ರೆಯಲ್ಲಿ ಗಮನಾರ್ಹವಾದುದು. ಏಪ್ರಿಲ್ 1ರಂದು ಆಣೆ-ಪೈಗಳ ಬದಲು ನಯಾಪೈಸೆ ಬಂದಿತು. ಅಕ್ಟೋಬರ್ 1ರಂದು ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಲಿಯು ಸ್ಥಾಪಿತವಾಯಿತು. ಗೃಹಸ್ಥನು ಹೊಸ ನಾಣ್ಯವನ್ನೂ ಹೊಸ ಅಳತೆಯನ್ನೂ ಏಕಕಾಲದಲ್ಲಿ ಕಲಿಯಬೇಕಾಯಿತು. ಸೀಮೆಎಣ್ಣೆಯನ್ನು ಸೀಸೆಯಲ್ಲಿ ಅಳೆದು, ಕಣ್ಣಾರೆ ಕಂಡು ಕೊಳ್ಳುತ್ತಿದ್ದನು. ‘ಯೂನಿಟ್’ ಕಣ್ಣಿಗೆ ಕಾಣತಕ್ಕುದಲ್ಲ. ಸಾವಿರ ವಾಟಿನ ಉಪಕರಣವು ಒಂದು ಗಂಟೆ ನಡೆದರೆ ಒಂದು ಯೂನಿಟ್. 40 ವಾಟಿನ ದೀಪವಾದರೆ ಅಷ್ಟಕ್ಕೆ 25 ಗಂಟೆ ಉರಿಯಬೇಕು. ಹಣವು ಕೊಂಡ ಹೊತ್ತಿನಲ್ಲಿಯೇ ಕೈಬಿಡುತ್ತಿದ್ದ ಕಾಲ ಹೋಗಿ, ಮೊದಲು ಬಳಸಿ ಅನಂತರ ತೆರುವ ಕಾಲವು ಬಂದಿತು. ಸಾಲದ ಸ್ವಭಾವವುಳ್ಳ ಈ ವ್ಯವಹಾರದಲ್ಲಿ ಲೆಕ್ಕವನ್ನು ಬರೆಯುವವನು ಮಾರುವವನೇ.

1970ರ ದಶಕದ ಕೊನೆಗೆ ಬಂದ ಭಾಗ್ಯಜ್ಯೋತಿ ಯೋಜನೆಯು ಬಡವರ ಮನೆಗೆ ಒಂದೇ ದೀಪವನ್ನು ಕೊಟ್ಟಿತು. ಇಲ್ಲಿ ಮುಖ್ಯವಾದ ಮಾನವು ಯೂನಿಟ್ಟಲ್ಲ, ದೀಪ. ಮುಂದೆ ಇದೇ ವರ್ಗಕ್ಕೆ ತಿಂಗಳಿಗೆ 18 ಯೂನಿಟ್‌ಗಳ ಉಚಿತ ಮಿತಿಯು ಬಂದಿತು; 40 ವಾಟಿನ ದೀಪವೊಂದು ದಿನಕ್ಕೆ 15 ಗಂಟೆ ಉರಿದರೆ ಆಗುವ ಮೊತ್ತವದು. ದೀಪದ ಜೊತೆಗೆ ಫ್ಯಾನೋ ಟಿ.ವಿ.ಯೋ ಸೇರಿದೊಡನೆ ಮನೆಯು ಮಿತಿಯನ್ನು ದಾಟುತ್ತಿತ್ತು. ದೀಪವೆಂದು ತಿಳಿದು ಪಡೆದುದನ್ನು ಯೂನಿಟ್ಟೆಂದು ಅಳೆದಾಗ ಬಾಕಿ ಬೆಳೆಯುವುದು ಸಹಜ.

1999ರಲ್ಲಿ ಮಂಡಲಿಯು ನಿಗಮವಾಯಿತು. ದರ ನಿಗದಿಗೆ ಪ್ರತ್ಯೇಕ ಆಯೋಗವು ಏರ್ಪಟ್ಟಿತು. 2002ರ ಜೂನ್ 1ರಂದು ವಿತರಣೆಯು ಕಂಪನಿಗಳಿಗೆ ಹಂಚಿಹೋಯಿತು. ಬಳ್ಳಾರಿ ಜಿಲ್ಲೆಯು ಗುಲ್ಬರ್ಗಾ ಕಂಪನಿಗೆ, ಅಂದರೆ ಜೆಸ್ಕಾಂಗೆ ಸೇರಿತು. 1997ರಲ್ಲಿಯೇ ದಾವಣಗೆರೆ ಜಿಲ್ಲೆಗೆ ಹೋಗಿದ್ದ ಹರಪನಹಳ್ಳಿಯು ಬೆಂಗಳೂರು ಕಂಪನಿಯಾದ ಬೆಸ್ಕಾಂ ಪಾಲಾಯಿತು. 2018ರಲ್ಲಿ ಹರಪನಹಳ್ಳಿಯು ಬಳ್ಳಾರಿಗೆ ಮರಳಿತು. 2021ರಲ್ಲಿ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಲ್ಲಿ ಒಂದಾದುವು. ಆದರೆ ಜಿಲ್ಲೆಯ ಗಡಿಯೊಡನೆ ತಂತಿಯ ಗಡಿ ಸರಿಯಲಿಲ್ಲ. ಬಿಲ್ಲಿನ ಶಿರೋಭಾಗದಲ್ಲಿರುವ ಕಂಪನಿಯ ಹೆಸರು ಹೀಗೆ ಅಳಿದ ಆಡಳಿತ ಸೀಮೆಯೊಂದರ ಶಾಸನದಂತೆ ಉಳಿಯಿತು.

ದರದ ಕ್ರಮವೂ ಬದಲಾಗುತ್ತಲೇ ಬಂದಿದೆ. 2023ರ ಮೇ ತಿಂಗಳ ಆದೇಶದಂತೆ 100 ಯೂನಿಟ್‌ವರೆಗೆ ಬಳಸಿದ ಮನೆಗೆ ಯೂನಿಟ್ಟಿಗೆ 4 ರೂ. 75 ಪೈಸೆ; ಅದನ್ನು ಮೀರಿದರೆ ಎಲ್ಲ ಯೂನಿಟ್‌ಗಳಿಗೂ 7 ರೂ. ಅಂದರೆ 100 ಯೂನಿಟ್ಟಿಗೆ 475 ರೂ., 101 ಯೂನಿಟ್ಟಿಗೆ 707 ರೂ. ಮೀಟರನ್ನು ಓದುವವರು ಎರಡು ದಿನ ತಡವಾಗಿ ಬಂದರೆ ಎಷ್ಟು ವ್ಯತ್ಯಾಸವಾಗಬಹುದೆಂಬುದನ್ನು ವಾಚಕರೇ ಊಹಿಸಬಹುದು. 2024ರಲ್ಲಿ ಈ ಹಂತಗಳು ರದ್ದಾಗಿ ಏಕದರ ಬಂದಿತು. 2025-26ನೆಯ ಸಾಲಿಗೆ ಯೂನಿಟ್ಟಿಗೆ 5 ರೂ. 80 ಪೈಸೆ, ಮಂಜೂರಾದ ಹೊರೆಯ ಪ್ರತಿ ಕಿಲೋವಾಟಿಗೆ 145 ರೂ. ನಿಗದಿತ ಶುಲ್ಕ ಎಂದು ಗೊತ್ತಾಯಿತು. ಇದಲ್ಲದೆ ಆ ಸಾಲಿನಲ್ಲಿ ನೌಕರರ ಪಿಂಚಣಿ ಮತ್ತು ಉಪದಾನಕ್ಕಾಗಿ ಯೂನಿಟ್ಟಿಗೆ 36 ಪೈಸೆ, ಇಂಧನ ವೆಚ್ಚದ ಹೊಂದಾಣಿಕೆ, ವಿದ್ಯುತ್ ತೆರಿಗೆ ಸೇರುತ್ತಿದ್ದುವು. ಆ ಸಾಲಿನ ದರದಂತೆ ಒಂದು ಕಿಲೋವಾಟಿನ ಮನೆಯು 60 ಯೂನಿಟ್ ಬಳಸಿದರೆ ವಿದ್ಯುತ್ತಿನ ಬೆಲೆ 348 ರೂ. ಆಗುತ್ತಿತ್ತು; ಬಳಕೆಯೇ ಇಲ್ಲದಿದ್ದರೂ 145 ರೂ. ನಿಗದಿತ ಶುಲ್ಕವಿತ್ತು.

2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಉದ್ಘಾಟನೆಗೊಂಡ ಗೃಹಜ್ಯೋತಿಯು ಮತ್ತೊಂದು ಮಾನವನ್ನು ತಂದಿತು. ಜನರ ಮಾತಿನಲ್ಲಿ ಇದು ‘200 ಯೂನಿಟ್ ಉಚಿತ’. ವಾಸ್ತವವಾಗಿ ಪ್ರತಿ ಮನೆಯ ಹಕ್ಕು 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇಕಡ 10. ಸರಾಸರಿಯು 48ಕ್ಕಿಂತ ಕಡಿಮೆಯಾದವರಿಗೆ 2024ರಲ್ಲಿ ಶೇಕಡ 10ರ ಬದಲು 10 ಯೂನಿಟ್ ಸೇರಿಸಲಾಯಿತು. ಸರಾಸರಿ 60 ಆಗಿದ್ದ ಮನೆಗೆ 66 ಯೂನಿಟ್ ಉಚಿತ. 80 ಬಳಸಿದರೆ 14ರ ಬೆಲೆಯನ್ನು ತೆರಬೇಕು. 200ನ್ನು ಮೀರಿದರೆ ಪೂರ್ಣ ಬಿಲ್ಲು. ಮಿತವಾಗಿ ಬಳಸಿದ ಮನೆಗೆ ಕಡಿಮೆ ಹಕ್ಕು, ಧಾರಾಳವಾಗಿ ಬಳಸಿದ ಮನೆಗೆ ಹೆಚ್ಚಿನ ಹಕ್ಕು. ಒಂದು ವರ್ಷದ ಬಳಕೆಯನ್ನೇ ಹಕ್ಕಿನ ಅಳತೆಗೋಲಾಗಿ ಮಾಡಿದುದರ ಫಲವಿದು.

ಲೆಕ್ಕದಲ್ಲಿ ವಿವಾದ ಬಂದಾಗ ಕಾನೂನು ಗೃಹಸ್ಥನನ್ನು ಕೈಬಿಟ್ಟಿಲ್ಲ. 1910ರ ಅಧಿನಿಯಮವು ಸಂಪರ್ಕವನ್ನು ಕಡಿಯುವ ಮುನ್ನ ಏಳು ದಿನಗಳ ನೋಟೀಸನ್ನು ವಿಧಿಸಿತ್ತು; 2003ರ ಅಧಿನಿಯಮವು ಅದನ್ನು 15 ದಿನಗಳಿಗೆ ಏರಿಸಿತು. ವಿವಾದವು ತೀರುವವರೆಗೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಕಡಿಮೆಯಾದುದನ್ನು ಆಕ್ಷೇಪಣೆಯೊಡನೆ ಕಟ್ಟಿದರೆ ಸಂಪರ್ಕವನ್ನು ಕಡಿಯುವಂತಿಲ್ಲ. ಸತತವಾಗಿ ಬಾಕಿಯೆಂದು ತೋರಿಸುತ್ತ ಬಂದಿಲ್ಲದ ಹಣವನ್ನು ಎರಡು ವರ್ಷಗಳ ಅನಂತರ ವಸೂಲು ಮಾಡುವಂತಿಲ್ಲ. ಆದರೆ ಈ ಹಕ್ಕುಗಳನ್ನು ಸಾಧಿಸಲು ಹಳೆಯ ಬಿಲ್ಲುಗಳು ಬೇಕು. ಕೈಯಂತ್ರದಿಂದ ಶಾಖಕಾಗದದ ಮೇಲೆ ಅಚ್ಚಾಗುವ ಬಿಲ್ಲಿನ ಅಕ್ಷರಗಳಾದರೋ ಕೆಲವು ತಿಂಗಳುಗಳಲ್ಲಿಯೇ ಮಾಸತೊಡಗುತ್ತವೆ. ಎರಡು ವರ್ಷ ಬಾಳಬೇಕಾದ ಸಾಕ್ಷ್ಯವು ಒಂದು ಬೇಸಗೆಯನ್ನು ದಾಟುವುದು ಕಷ್ಟ.

ಮೇಲ್ಕಂಡ ವಿವರಗಳಿಂದ ವಿದಿತವಾಗುವುದಿಷ್ಟು: ದೀಪ, ಯೂನಿಟ್, ಕಿಲೋವಾಟ್, ಸರಾಸರಿ ಎಂದು ಲೆಕ್ಕದ ಮಾನವು ಬದಲಾದಾಗಲೆಲ್ಲ ಅದನ್ನು ತಿಳಿಯುವ ಭಾರವು ಗೃಹಸ್ಥನ ಮೇಲೆಯೇ ಬಿದ್ದಿತು. ಈ ತಾಲ್ಲೂಕುಗಳ ಕಾಲೇಜುಗಳಲ್ಲಿ ಚರಿತ್ರೆಯನ್ನು ಓದುವ ವಿದ್ಯಾರ್ಥಿಗಳು ತಮ್ಮ ಮನೆಯ ಹಳೆಯ ಬಿಲ್ಲುಗಳನ್ನು, ಆರ್.ಆರ್. ನಂಬರಿನೊಡನೆ, ತಿಂಗಳವಾರು ಪುಸ್ತಕದಲ್ಲಿ ಪ್ರತಿಮಾಡಿಟ್ಟರೆ ಎರಡು ಪ್ರಯೋಜನಗಳುಂಟು. ನಾಳಿನ ಸಂಶೋಧಕನಿಗೆ ಕೈಫಿಯತ್ತಿನಂತಹ ಆಕರ ದೊರೆಯುವುದು. ಇಂದಿನ ಮನೆಯವರಿಗೆ ತಮ್ಮ ಲೆಕ್ಕವು ತಮ್ಮ ಕೈಯಲ್ಲಿರುವುದು.