ಕೊಯ್ಲಿನ ಕಾಲ, ಶಾಲೆಯ ವರ್ಷ: ಕಾಫಿ ಸೀಮೆಯ ವಲಸೆ ಮಕ್ಕಳ ಶಾಲಾಪೂರ್ವ ಶಿಕ್ಷಣ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟಗಳ ಲೈನ್ ಮನೆಗಳಲ್ಲಿ ತಮಿಳು, ತುಳು ಮಾತಿನ ಹಳೆಯ ಕುಟುಂಬಗಳ ಜೊತೆಗೆ ಈಚೆಗೆ ಅಸ್ಸಾಂ, ಜಾರ್ಖಂಡ್ ಕಡೆಯ ಕೂಲಿ ಕುಟುಂಬಗಳೂ ಇವೆ. ಇವರ ಮಕ್ಕಳು ಒಂದನೇ ತರಗತಿಯಲ್ಲಿ ಹಿಂದೆ ಬಿದ್ದರೆ ಕನ್ನಡ ಬಾರದಿರುವುದೇ ಕಾರಣವೆಂದು ಹೇಳುವುದು ರೂಢಿ. ಭಾಷೆಯ ತೊಡಕು ಇರುವುದು ನಿಜ. ಆದರೆ ಕಲಿಕೆಯ ಏರ್ಪಾಡು ದುಡಿಮೆಯ ಕಾಲಕ್ಕೆ ಹೊಂದದಿರುವುದು ಅದಕ್ಕಿಂತ ಮೂಲದ ತೊಡಕು ಎಂಬುದು ಈ ಲೇಖನದ ವಾದ.

ಅರೇಬಿಕಾ ಕೊಯ್ಲು ನವೆಂಬರ್ ಸುಮಾರಿಗೆ ಶುರುವಾಗುತ್ತದೆ. ರೊಬಸ್ಟಾ ಮುಗಿಯುವಾಗ ಫೆಬ್ರವರಿ, ಮಾರ್ಚ್. ಶಾಲೆಯ ವರ್ಷ ಆರಂಭವಾಗುವುದು ಜೂನ್‌ನಲ್ಲಿ. ಹಣ್ಣು ಕೊಯ್ಯಲು ಬಂದವರ ಮಗು ಅಂಗನವಾಡಿಯ ಹೊಸ್ತಿಲು ತುಳಿಯುವ ಹೊತ್ತಿಗೆ ಅರ್ಧ ವರ್ಷ ಕಳೆದಿರುತ್ತದೆ. ಹಾಡು, ಕತೆ ಕಿವಿಗೆ ಒಗ್ಗುವಷ್ಟರಲ್ಲಿ ಕುಟುಂಬ ಗಂಟು ಕಟ್ಟಿರುತ್ತದೆ.

ಕಾನೂನು ಈ ಮಕ್ಕಳನ್ನು ಮರೆತಿರಲಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ, 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಬೇಕೆಂದು ವಿಧಿಸಿತು. ಆದರೆ ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಅಲ್ಲಿ ಆ ಸಂಖ್ಯೆ ಕೂಡಿಬರುವುದು ಅಪರೂಪ. ಉಳಿಯುವುದು ಅಂಗನವಾಡಿ. ಅದರ ಮೂಲವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಅದರ ಮೊದಲ ನೆಲೆ ತಿ. ನರಸೀಪುರ. ಒಂದೂರಲ್ಲಿ ನೆಲೆನಿಂತ ಕುಟುಂಬಗಳಿಗೆ ಒಗ್ಗುವ ಆ ವ್ಯವಸ್ಥೆ, ಅಮ್ಮಂದಿರು ತೋಟದಲ್ಲಿರುವ ಇಡೀ ಹಗಲಿಗೆ ಸಾಲದು.

ಅಮೆರಿಕದ ಅನುಭವ ಇಲ್ಲಿ ಉಪಯುಕ್ತ. ಅಲ್ಲಿ 1965ರಲ್ಲಿ ಬಡ ಮಕ್ಕಳಿಗಾಗಿ ಹೆಡ್ ಸ್ಟಾರ್ಟ್ ಎಂಬ ಶಾಲಾಪೂರ್ವ ಯೋಜನೆ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ವಲಸೆ ಕೃಷಿ ಕಾರ್ಮಿಕರ ಮಕ್ಕಳಿಗೆ ಅದರದೇ ಪ್ರತ್ಯೇಕ ಶಾಖೆ ಹುಟ್ಟಿತು. ಫಲಾನುಭವಿಗಳಲ್ಲಿ ಹೆಚ್ಚಿನವರು ಸ್ಪ್ಯಾನಿಷ್ ಮನೆಮಾತಿನ ಹಿಸ್ಪಾನಿಕ್ ಮಕ್ಕಳು. ಅದರ ಕೇಂದ್ರಗಳು ಕೊಯ್ಲಿನ ಕಾಲ ನೋಡಿ ತೆರೆಯುತ್ತವೆ, ದೀರ್ಘ ಹೊತ್ತು ನಡೆಯುತ್ತವೆ, ಕೂಸುಗಳನ್ನೂ ಸೇರಿಸಿಕೊಳ್ಳುತ್ತವೆ.

ಮಲೆನಾಡಿಗೆ ಇದರಿಂದ ಮೂರು ಸೂಚನೆಗಳು ದೊರೆಯುತ್ತವೆ. ನವೆಂಬರಿನಿಂದ ಮಾರ್ಚ್‌ವರೆಗೆ ಅಕ್ಕಪಕ್ಕದ ಸಣ್ಣ ತೋಟಗಳು ಕೂಡಿ, ಪಂಚಾಯಿತಿಯ ನೆರವಿನಿಂದ ಒಂದು ಕೇಂದ್ರ ನಡೆಸಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒತ್ತಿಹೇಳುವ ಮನೆಮಾತಿನ ಕಲಿಕೆಗಾಗಿ, ಲೈನಿನ ಹೆಣ್ಣುಮಗಳೊಬ್ಬರನ್ನೇ ಸಂಬಳ ಕೊಟ್ಟು ಸಹಾಯಕಿಯಾಗಿ ನೇಮಿಸಬಹುದು. ಮಗುವಿಗೆ ಕನ್ನಡ ಆಟದ ಜೊತೆಗೇ ಬರುತ್ತದೆ. ಲಸಿಕೆ, ತೂಕ, ಕಲಿಕೆಯ ವಿವರಗಳ ಒಂದು ಪುಸ್ತಕ ತಾಯಿಯ ಕೈಯಲ್ಲಿದ್ದರೆ ಮುಂದಿನ ಊರಿನ ಶಿಕ್ಷಕಿ ಮತ್ತೆ ಮೊದಲಿನಿಂದ ಆರಂಭಿಸಬೇಕಿಲ್ಲ. ಇವನ್ನು ಮಾಡದೆ, ಮಗು ಶಾಲೆಗೆ ಸಿದ್ಧವಿದೆಯೇ ಎಂದು ಅಳೆಯುವುದು ಅರ್ಧ ಪರೀಕ್ಷೆ. ಶಾಲೆ ಮಗುವಿಗೆ ಸಿದ್ಧವಿದೆಯೇ ಎಂಬುದನ್ನೂ ಅದೇ ಮಾನದಂಡದಿಂದ ಅಳೆಯಬೇಕು.